ಓದುಗರ ಪ್ರಶ್ನೆ: ಬಿ.ಎಸ್ಸಿ. ಓದಿದರೆ ಮುಂದೇನು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳೂ ಅವರ ಪೋಷಕರೂ ತಪ್ಪದೆ ಕೇಳುವ ಪ್ರಶ್ನೆ ಇದು: ‘ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟು ಬಿ.ಎಸ್ಸಿ.ಗೆ ಸೇರಿದರೆ ಮುಂದೆ ಕೆಲಸ ಸಿಗುತ್ತದೆಯೇ? ಪತ್ರಿಕೆಯಲ್ಲಿ ಬರುವ ಹೊಸ ಸಂಶೋಧನೆಗಳ ಹತ್ತಿರಕ್ಕಾದರೂ ನಮ್ಮೂರಿನ ಕಾಲೇಜಿನಲ್ಲಿ ಓದಿದವರು ಹೋಗಬಹುದೇ?’

ಎರಡಕ್ಕೂ ಉತ್ತರ ಹೌದು ಎಂದೇ. ಆದರೆ ಬಿ.ಎಸ್ಸಿ. ಪದವಿ ತಾನೇ ತಾನಾಗಿ ಯಾವ ಉದ್ಯೋಗಕ್ಕೂ ಕರೆದೊಯ್ಯುವುದಿಲ್ಲ. ಸಂಶೋಧನೆಯ ದಾರಿ ಹಿಡಿಯಬೇಕೋ, ಪದವಿ ಮುಗಿದ ಕೂಡಲೇ ಸಂಬಳಕ್ಕೆ ಸೇರಬೇಕೋ ಎಂಬುದನ್ನು ಎರಡನೆಯ ವರ್ಷ ಮುಗಿಯುವುದರೊಳಗೆ ನಿರ್ಧರಿಸಿಕೊಂಡವರಿಗೆ ಅದು ಒಳ್ಳೆಯ ಪದವಿ. ನಿರ್ಧಾರವನ್ನು ಅಂಕಪಟ್ಟಿ ಕೈಗೆ ಬರುವವರೆಗೆ ಮುಂದೂಡಿದವರಿಗೆ ಮಾತ್ರ ಅದು ದಾರಿ ಕಾಣದ ಪದವಿಯಾಗುತ್ತದೆ, ಏಕೆಂದರೆ ಈ ಎರಡು ದಾರಿಗಳಿಗೆ ಬೇಕಾದ ತಯಾರಿ ಬೇರೆ ಬೇರೆ.

ಸಂಶೋಧನೆಯೆಂದರೆ ನಿಜಕ್ಕೂ ಯಾವ ಬಗೆಯ ಕೆಲಸ ಎಂಬುದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ ಅನಿಲವು 21 ಸೆಂಟಿಮೀಟರ್ ತರಂಗಾಂತರದ ರೇಡಿಯೊ ಅಲೆಗಳ ಮೇಲೆ ತನ್ನ ಗುರುತನ್ನು ಉಳಿಸಿದೆ. ವಿಶ್ವ ಹಿಗ್ಗಿದಂತೆ ಆ ಅಲೆಗಳೂ ಹಿಗ್ಗಿ, ಇಂದು ನಮ್ಮನ್ನು ತಲುಪುವಾಗ ಎಫ್‌ಎಂ ರೇಡಿಯೊದ ಆಸುಪಾಸಿನ ಆವರ್ತನಕ್ಕೆ ಇಳಿದಿರುತ್ತವೆ. ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಮರುಭೂಮಿಯಲ್ಲಿ ‘ಎಡ್ಜಸ್’ ಎಂಬ ಆಂಟೆನಾ ಇಟ್ಟಿದ್ದ ಅಮೆರಿಕದ ತಂಡವೊಂದು, 78 ಮೆಗಾಹರ್ಟ್ಸ್ ಬಳಿ ರೇಡಿಯೊ ಅಲೆಗಳ ಬಲ ಕುಗ್ಗಿದ ತಗ್ಗಿನ ರೂಪದಲ್ಲಿ ಆ ಗುರುತು ಸಿಕ್ಕಿತೆಂದು 2018ರಲ್ಲಿ ಪ್ರಕಟಿಸಿತು. ಸಿದ್ಧಾಂತ ನಿರೀಕ್ಷಿಸಿದ್ದಕ್ಕಿಂತ ಅದು ಬಹಳ ಆಳವಾಗಿದ್ದುದರಿಂದ, ಹೊಸ ಬಗೆಯ ಕಣಗಳ ಬಗ್ಗೆಯೂ ಚರ್ಚೆ ಎದ್ದಿತು.

ಸಿ.ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಲು ‘ಸಾರಸ್’ ಎಂಬ ತಮ್ಮದೇ ಉಪಕರಣವನ್ನು ಬಳಸಿದರು. ನಮ್ಮ ಆಕಾಶಗಂಗೆಯಿಂದಲೇ ಬರುವ ರೇಡಿಯೊ ಗದ್ದಲ ಹುಡುಕುತ್ತಿರುವ ಸಂಕೇತಕ್ಕಿಂತ ಸಾವಿರಾರು ಪಟ್ಟು ಪ್ರಬಲವಾದುದು; ಸಾಲದೆಂಬಂತೆ ಆಂಟೆನಾದ ಕೆಳಗಿನ ನೆಲವೂ ಅಳತೆಯನ್ನು ಕೆಡಿಸುತ್ತದೆ. ಮಣ್ಣು, ಕಲ್ಲು, ತೇವ ಪದರ ಪದರವಾಗಿ ಇರುವಲ್ಲಿ ಪ್ರತಿಫಲನಗಳು ಏರುಪೇರಾಗಿ, ಇಲ್ಲದ ತಗ್ಗೊಂದು ದತ್ತಾಂಶದಲ್ಲಿ ಮೂಡಬಹುದು. ಆಳವಾದ ನೀರಿನ ಗುಣ ಎಲ್ಲೆಡೆ ಒಂದೇ ಆಗಿರುವುದರಿಂದ ಆ ತೊಂದರೆ ಅಲ್ಲಿಲ್ಲ. ಹೀಗಾಗಿ ಮೂರನೆಯ ಆವೃತ್ತಿಯ ಸಾರಸ್ ಆಂಟೆನಾವನ್ನು 2020ರ ಆರಂಭದಲ್ಲಿ ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರ ಫಲಿತಾಂಶ 2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಪ್ರಕಟವಾಯಿತು: ಎಡ್ಜಸ್ ಹೇಳಿದ ಸಂಕೇತ ಶೇ 95.3ರ ವಿಶ್ವಾಸಮಟ್ಟದಲ್ಲಿ ತಿರಸ್ಕೃತವಾಗಿತ್ತು. ಜಗತ್ತಿನ ಖಗೋಳ ವಿಜ್ಞಾನವನ್ನೇ ಅಲುಗಾಡಿಸಿದ ಹೇಳಿಕೆಯೊಂದನ್ನು ನಮ್ಮ ಕೆರೆಯ ನೀರಿನ ಮೇಲೆ ನಿಂತು ಒರೆಗೆ ಹಚ್ಚಿದ ಈ ಪ್ರಯೋಗದ ಬಗ್ಗೆ ನಮ್ಮ ಪಿಯು ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಮಾತು ನಡೆಯಬೇಕು ಎಂಬುದು ನನ್ನ ಆಸೆ.

ಈ ಪ್ರಯೋಗಕ್ಕೆ ಬೇಕಾಗಿದ್ದವರು ವಿಶ್ವದ ಹುಟ್ಟಿನ ಬಗ್ಗೆ ಚಿಂತಿಸುವ ಸಿದ್ಧಾಂತಿಗಳಷ್ಟೇ ಅಲ್ಲ. ಆಂಟೆನಾ ರೂಪಿಸುವವರು, ರಿಸೀವರಿನ ಗದ್ದಲವನ್ನು ಅಳೆಯುವವರು, ತೆಪ್ಪ ಕಟ್ಟುವ ಯಂತ್ರಾಗಾರದವರು, ತಿಂಗಳುಗಟ್ಟಲೆ ಕುಳಿತು ಸಂಖ್ಯಾಶಾಸ್ತ್ರ ಮತ್ತು ಪ್ರೋಗ್ರಾಮಿಂಗ್‌ನಿಂದ ದತ್ತಾಂಶ ಸೋಸುವವರು, ಎಲ್ಲರೂ ಬೇಕು. ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿದ ಭಾರತೀಯ ಖಭೌತ ಸಂಸ್ಥೆಯ ಮಾತೂ ಹೀಗೆಯೇ. ಭೌತಶಾಸ್ತ್ರದ ವಿದ್ಯಾರ್ಥಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೇ ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಇರಲಾರದು.

ಸಂಶೋಧನೆಯನ್ನೇ ಆರಿಸಿಕೊಳ್ಳುವವರು ಪಿಯುಸಿಯಲ್ಲೇ ಎಚ್ಚರವಾದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿ ಅಥವಾ ಭುವನೇಶ್ವರದ ಅದೇ ಬಗೆಯ ಸಂಸ್ಥೆ ನೈಸರ್‌ಗಾಗಿ ನಡೆಯುವ ನೆಸ್ಟ್ ಪರೀಕ್ಷೆ ಬರೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಾಲ್ಕು ವರ್ಷದ ಸಂಶೋಧನಾ ಪದವಿ ಇದೆ. ಅದು ತಪ್ಪಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವವರಿಗೂ ಐಐಟಿಗಳ ಎಂ.ಎಸ್ಸಿ.ಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೆ ಜಾಮ್ ಎಂಬ ಒಂದೇ ಪರೀಕ್ಷೆ ಬಾಗಿಲು. ಆ ಪರೀಕ್ಷೆ ನಿಮ್ಮ ಕಾಲೇಜಿನ ಹೆಸರು ಕೇಳುವುದಿಲ್ಲ. ಆದರೆ ಅದರಲ್ಲಿ ಆಯ್ಕೆಗಳನ್ನೇ ಕೊಡದೆ ಉತ್ತರದ ಸಂಖ್ಯೆಯನ್ನು ಲೆಕ್ಕ ಹಾಕಿ ಟೈಪ್ ಮಾಡಬೇಕಾದ ಪ್ರಶ್ನೆಗಳೂ ಇರುತ್ತವೆ. ಗೈಡ್ ನೋಡಿ ಸೂತ್ರಗಳ ವ್ಯುತ್ಪತ್ತಿಯನ್ನು ಬಾಯಿಪಾಠ ಮಾಡಿ ಡಿಸ್ಟಿಂಕ್ಷನ್ ಪಡೆದವರು ಸೋಲುವುದು ಇಲ್ಲೇ. ಲೆಕ್ಕಗಳನ್ನು ಸ್ವತಃ ಬಿಡಿಸುವ ಅಭ್ಯಾಸ ಮೊದಲ ಸೆಮಿಸ್ಟರಿನಿಂದಲೇ ಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹಣದ ಮಾತನ್ನೂ ಮುಚ್ಚಿಡಬಾರದು. ಎಂ.ಎಸ್ಸಿ. ನಂತರ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000 ರೂಪಾಯಿ ಫೆಲೋಶಿಪ್ ನಿಗದಿಯಾಯಿತು. ಮನೆ ಬಾಡಿಗೆ ಭತ್ಯೆ ಬೇರೆ. ಬದುಕಲು ಇದು ಸಾಕು, ಮನೆಗೂ ಒಂದಿಷ್ಟು ಕಳಿಸಬಹುದು. ಆದರೆ ಪಿಎಚ್‌.ಡಿ. ಮುಗಿಸಿ, ಪೋಸ್ಟ್‌ಡಾಕ್ (ಅದರ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಮಾಡಿ, ಖಾಯಂ ಹುದ್ದೆ ಹಿಡಿಯುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ, ಖಾಯಂ ಹುದ್ದೆಗಳೂ ಕಡಿಮೆ. ಇಪ್ಪತ್ತೊಂದಕ್ಕೇ ಸಂಸಾರದ ಭಾರ ಹೊರಬೇಕಾದ ಮಕ್ಕಳಿಗೆ ಈ ಲೆಕ್ಕವನ್ನು ಮೊದಲೇ ಹೇಳುವುದು ಅಧ್ಯಾಪಕರ ಕರ್ತವ್ಯ.

ಕೂಡಲೇ ಕೆಲಸ ಬೇಕೆನ್ನುವವರಲ್ಲಿ ರಸಾಯನಶಾಸ್ತ್ರದವರಿಗೆ ಅವಕಾಶ ಹೆಚ್ಚು. ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧ ಮತ್ತು ಜೈವಿಕ ತಂತ್ರಜ್ಞಾನ ಕಂಪನಿಗಳ ಗುಣಮಟ್ಟ ಪರೀಕ್ಷಾ ವಿಭಾಗಗಳಲ್ಲಿ ಎಚ್‌ಪಿಎಲ್‌ಸಿ ಎಂಬ, ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ನಡೆಸಬಲ್ಲವರಿಗೆ, ಅದಕ್ಕಿಂತ ಮುಖ್ಯವಾಗಿ ಮಾಡಿದ್ದನ್ನು ಮಾಡಿದ ಹೊತ್ತಿಗೇ ತಪ್ಪಿಲ್ಲದೆ ದಾಖಲಿಸಬಲ್ಲವರಿಗೆ ಬೇಡಿಕೆ ಇದೆ. ಗಣಿತ, ಸಂಖ್ಯಾಶಾಸ್ತ್ರ ಓದಿದವರು ದತ್ತಾಂಶ ವಿಶ್ಲೇಷಣೆ, ಬ್ಯಾಂಕಿಂಗ್ ಕಡೆ ಹೋಗಬಹುದು. ಕೈಗಾದಂಥ ಅಣು ವಿದ್ಯುತ್ ಕೇಂದ್ರಗಳಿಗೆ ಬಿ.ಎಸ್ಸಿ. ಪದವೀಧರರನ್ನು ಸ್ಟೈಪೆಂಡ್ ಸಹಿತ ತರಬೇತಿಗೆ ತೆಗೆದುಕೊಳ್ಳುವ ನೇಮಕಾತಿಗಳಿವೆ. ಅವುಗಳ ಪ್ರಕಟಣೆ ನಮ್ಮ ಹಳ್ಳಿಯ ಮಕ್ಕಳ ಕಣ್ಣಿಗೆ ಬೀಳುವುದೇ ಕಡಿಮೆ. ಶಿಕ್ಷಕರಾಗುವ ಮನಸ್ಸಿದ್ದವರು ಬಿ.ಎಡ್. ಮಾಡಲೇಬೇಕಾದ್ದರಿಂದ, ಪಿಯುಸಿಯ ನಂತರ ಎರಡೂ ಪದವಿಗಳನ್ನು ನಾಲ್ಕೇ ವರ್ಷದಲ್ಲಿ ಕೊಡುವ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ಪ್ರಯತ್ನಿಸುವುದು ಜಾಣತನ.

ಜೀವವಿಜ್ಞಾನದವರ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಪ್ರಯೋಗಾಲಯಕ್ಕೆ ಕೋಟಿಗಟ್ಟಲೆ ಸುರಿಯದೆಯೂ ಹೊಸದನ್ನು ಕಾಣಬಹುದಾದ ಜಾಗ ನಮ್ಮ ಮಲೆನಾಡು. ಉತ್ತರ ಕನ್ನಡದ ಕತ್ತಲೆಕಾನಿನಂಥ ಜೌಗು ಕಾಡಿನ ತೊರೆಗಳಲ್ಲಿ, ಮುಂಗಾಲುಗಳಿಂದ ಕೆಸರು ತಂದು ತನ್ನ ಮೊಟ್ಟೆಗಳಿಗೆ ಮೆತ್ತುವ ಗಂಡು ಕಪ್ಪೆಯೊಂದನ್ನು ಕೆ.ವಿ. ಗುರುರಾಜ ಮತ್ತು ಸಹೋದ್ಯೋಗಿಗಳು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ ‘ಕುಂಬಾರ’ನೆಂದೇ ಹೆಸರಿಟ್ಟರು. ಅದಕ್ಕೆ ಬೇಕಾದದ್ದು ರಾತ್ರಿಯೆಲ್ಲ ತೊರೆಯ ಬದಿಯಲ್ಲಿ ಕುಳಿತು ನೋಡುವ ತಾಳ್ಮೆ, ಹತ್ತಿರದ ಪ್ರಭೇದಗಳ ನಿಖರ ತಿಳಿವಳಿಕೆ ಮತ್ತು ಕಂಡದ್ದನ್ನು ಅಳೆದು ಬರೆದಿಡುವ ಶಿಸ್ತು.

ಕಾಲೇಜು ಆರಿಸುವಾಗ ನಾನು ಮೊದಲು ನೋಡಿ ಎನ್ನುವುದು ಪ್ರಯೋಗಾಲಯವನ್ನು. ಒಂದೇ ಸ್ಪೆಕ್ಟ್ರೋಮೀಟರಿನ ಸುತ್ತ ಹತ್ತು ಮಂದಿ ನಿಂತು ಒಬ್ಬನ ರೀಡಿಂಗನ್ನು ಉಳಿದವರು ಬರೆದುಕೊಳ್ಳುವ ಕಾಲೇಜಿನಲ್ಲಿ ಮೂರು ವರ್ಷ ಕಳೆದವರಿಗೆ ಅಳತೆಯ ದೋಷ ಎಂದರೇನು ಎಂಬುದೇ ಗೊತ್ತಾಗಿರುವುದಿಲ್ಲ. ಇನ್ನೊಂದು, ಪದವಿಯ ಅವಧಿ. ಕರ್ನಾಟಕವು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ; ಪಿಯುಸಿವರೆಗಿನ ಹನ್ನೆರಡು ವರ್ಷ ಸೇರಿದರೆ ಒಟ್ಟು ಹದಿನೈದೇ ವರ್ಷ. ಹದಿನಾರು ವರ್ಷಗಳ ಶಿಕ್ಷಣ ಕೇಳುವ ಅಮೆರಿಕದ ಹಲವು ವಿಶ್ವವಿದ್ಯಾಲಯಗಳಿಗೆ ಹೋಗುವ ಉದ್ದೇಶವಿದ್ದರೆ ಎಂ.ಎಸ್ಸಿ. ಮುಗಿಸಿಯೇ ಹೊರಡುವ ಯೋಜನೆ ಮಾಡಿಕೊಳ್ಳಿ.

ಈಗಾಗಲೇ ಬಿ.ಎಸ್ಸಿ. ಸೇರಿರುವವರು ಮಾಡಬಹುದಾದ ಕೆಲಸವೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಂದಿಗೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಆಯ್ಕೆಯಾದವರು ವಿಜ್ಞಾನಿಯೊಬ್ಬರ ಜೊತೆ ಎರಡು ತಿಂಗಳು ಕೆಲಸ ಮಾಡುತ್ತಾರೆ. ಅರ್ಜಿಯೊಂದಿಗೆ ನಿಮ್ಮನ್ನು ಬಲ್ಲ ಅಧ್ಯಾಪಕರ ಶಿಫಾರಸು ಪತ್ರ ಮತ್ತು ಏನು ಕಲಿಯಬಯಸುತ್ತೀರಿ ಎಂಬ ನಿಮ್ಮದೇ ಬರಹ ಬೇಕು. ಬೇಸಿಗೆಯ ಈ ಅವಕಾಶಕ್ಕೆ ಅರ್ಜಿ ಹಾಕುವ ಕಾಲ ಚಳಿಗಾಲದಲ್ಲೇ ಬಂದುಹೋಗುತ್ತದೆ, ಜಾಮ್ ನೋಂದಣಿ ಅದಕ್ಕೂ ಮೊದಲೇ ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗುತ್ತದೆ. ಹೀಗಾಗಿ ಎರಡರ ದಿನಾಂಕಗಳನ್ನೂ ಐದನೆಯ ಸೆಮಿಸ್ಟರಿನ ತರಗತಿಗಳು ಆರಂಭವಾಗುವ ಮುನ್ನವೇ ಅಧಿಕೃತ ಜಾಲತಾಣಗಳಲ್ಲಿ ನೋಡಿ ಬರೆದಿಟ್ಟುಕೊಳ್ಳಿ.