‘ಆಗುತ್ತಿತ್ತು’ ಬೇರೆ, ‘ಆಯಿತು’ ಬೇರೆ: ಕುಡ್ ಬಳಸುವ ಮುನ್ನ

ನಮಗೆ ಈಜು ‘ಬರುತ್ತದೆ’, ಮೂಟೆ ಎತ್ತಲು ‘ಆಗುತ್ತದೆ’. ಕಲಿತ ವಿದ್ಯೆಗೆ ಒಂದು ಮಾತು, ಮೈಯ ಶಕ್ತಿಗೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕ್ಯಾನ್’ ಒಂದೇ ಸಾಕು. ಹಾಗಾಗಿ ವರ್ತಮಾನದಲ್ಲಿ ಯಾರೂ ಅಷ್ಟಾಗಿ ಎಡವುವುದಿಲ್ಲ. ತೊಡಕು ಇರುವುದು ಭೂತಕಾಲದಲ್ಲಿ, ಅಂದರೆ ಕ್ಯಾನ್ ‘ಕುಡ್’ ಆಗುವಲ್ಲಿ.

‘ನಿನ್ನೆ ಮಳೆ ಇದ್ದರೂ ಬಸ್ ಹಿಡಿಯಲು ಆಯಿತು’ ಎನ್ನುವುದನ್ನು ಹಲವರು ‘ಐ ಕುಡ್ ಕ್ಯಾಚ್ ದ ಬಸ್’ ಎಂದು ಬರೆಯುತ್ತಾರೆ. ಇದು ತಪ್ಪು. ಕುಡ್ ಹೇಳುವುದು ಹಿಂದೆ ಇದ್ದ ಸಾಮರ್ಥ್ಯವನ್ನು. ಒಂದು ಸಲ ಕೆಲಸ ಕೈಗೂಡಿತು ಎಂಬುದನ್ನಲ್ಲ. ಅದಕ್ಕೆ ‘ಐ ವಾಸ್ ಏಬಲ್ ಟು ಕ್ಯಾಚ್ ದ ಬಸ್’ ಬೇಕು. ಹೇಗೋ ಒದ್ದಾಡಿ ಹಿಡಿದಿದ್ದರೆ ‘ಮ್ಯಾನೇಜ್ಡ್ ಟು’ ಇನ್ನೂ ಚೆನ್ನ.

ಈ ಭೇದ ಕನ್ನಡದಲ್ಲೇ ಇದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿ. ‘ಆಗುತ್ತಿತ್ತು’ ಬಂದರೆ ಕುಡ್: ಅಜ್ಜಿಗೆ 80ರಲ್ಲೂ ಸೂಜಿಗೆ ದಾರ ಪೋಣಿಸಲು ಆಗುತ್ತಿತ್ತು, ‘ಶಿ ಕುಡ್ ಥ್ರೆಡ್ ಎ ನೀಡಲ್’. ‘ಆಯಿತು’ ಬಂದರೆ ವಾಸ್ ಏಬಲ್ ಟು.

ನಿಷೇಧದಲ್ಲಿ ಈ ತಲೆನೋವಿಲ್ಲ. ಆಗಲಿಲ್ಲ, ಆಗುತ್ತಿರಲಿಲ್ಲ ಎರಡಕ್ಕೂ ‘ಕುಡಂಟ್’ ನಡೆಯುತ್ತದೆ. ಸೀ, ಹಿಯರ್, ಸ್ಮೆಲ್, ರಿಮೆಂಬರ್‌ನಂಥ ಕ್ರಿಯಾಪದಗಳಿಗೂ ವಿನಾಯಿತಿ ಉಂಟು: ಅಡುಗೆಮನೆಗೆ ಕಾಲಿಟ್ಟಾಗ ಗ್ಯಾಸ್ ವಾಸನೆ ಬಂತು ಎನ್ನಲು ‘ಐ ಕುಡ್ ಸ್ಮೆಲ್ ಗ್ಯಾಸ್’ ಸರಿಯೇ, ಅದು ಒಂದೇ ಸಲದ ಸಂಗತಿಯಾದರೂ.

ಸಂದರ್ಶನಗಳಲ್ಲಿ ಪದೇಪದೇ ಕಿವಿಗೆ ಬೀಳುವ ‘ಐ ಕುಡ್ ಏಬಲ್ ಟು’, ‘ಐ ಕಾಂಟ್ ಏಬಲ್ ಟು’ ಎರಡನ್ನೂ ಬಿಟ್ಟುಬಿಡಿ. ಏಬಲ್ ಗುಣವಾಚಕ, ಅದರ ಹಿಂದೆ ಆ್ಯಮ್, ಈಸ್, ವಾಸ್, ಬೀ ಮುಂತಾದವುಗಳಲ್ಲೊಂದು ಇರಲೇಬೇಕು. ಕ್ಯಾನ್‌ಗೆ ಭವಿಷ್ಯದ ರೂಪವಿಲ್ಲದ್ದರಿಂದ ‘ವಿಲ್ ಕ್ಯಾನ್’ ಆಗದು, ‘ವಿಲ್ ಬೀ ಏಬಲ್ ಟು’ ಆಗಬೇಕು: ಆರು ತಿಂಗಳು ಕಲಿತರೆ ‘ಯೂ ವಿಲ್ ಬೀ ಏಬಲ್ ಟು ಡ್ರೈವ್’. ನಾಳೆ ಬರುತ್ತೇನೆಂದು ಈಗಲೇ ಒಪ್ಪಿಕೊಳ್ಳುವುದಾದರೆ ಮಾತ್ರ ‘ಐ ಕ್ಯಾನ್ ಕಮ್ ಟುಮಾರೊ’ ಸಾಕು.

ಉಚ್ಚಾರದಲ್ಲಿ ಒಂದು ಎಚ್ಚರ. ‘ಐ ಕ್ಯಾನ್ ಕಮ್’ ಎನ್ನುವಾಗ ಒತ್ತು ಕಮ್ ಮೇಲಿರಲಿ, ಕ್ಯಾನ್ ‘ಕನ್’ ಎಂದು ಸಣ್ಣಗೆ ಜಾರಲಿ. ಕ್ಯಾನ್ ಅನ್ನೇ ಒತ್ತಿ ಹೇಳಿದರೆ ಫೋನಿನ ಆಚೆ ಇರುವವರಿಗೆ ‘ಕಾಂಟ್’ ಎಂದು ಕೇಳಿಸಿ, ನೀವು ಬರುವುದಿಲ್ಲ ಎಂದುಕೊಂಡುಬಿಡಬಹುದು.