ಕಡಲ ದಂಡೆಯಲ್ಲಿ ಟೆಂಟ್ ಹಾಕೋಕೆ ಯಾವ ತಿಂಗಳು ಒಳ್ಳೆಯದು?

ಗದಗದ ಓದುಗರೊಬ್ಬರ ಪ್ರಶ್ನೆ: ‘ನಮಗೆ ಇಬ್ಬರು ಮಕ್ಕಳು, ಒಬ್ಬಳಿಗೆ 11 ವರ್ಷ, ಒಬ್ಬನಿಗೆ 7. ಕುಮಟಾ, ಗೋಕರ್ಣ ಕಡೆ ಎರಡು ರಾತ್ರಿ ಟೆಂಟ್‌ನಲ್ಲಿ ಇರಬೇಕು, ಡಾಲ್ಫಿನ್, ಕಡಲಾಮೆ, ಹಕ್ಕಿ ಎಲ್ಲ ತೋರಿಸಬೇಕು ಅಂತ ಆಸೆ. ಯಾವ ತಿಂಗಳು ಹೋಗಬೇಕು?’

ತಿಂಗಳ ಮಾತು ಬೇಗ ಮುಗಿಯುತ್ತದೆ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಯಾವಾಗ ಬೇಕಾದರೂ ಹೋಗಿ. ಮಳೆ ಇರಲ್ಲ, ಸೆಕೆ ಕಮ್ಮಿ, ಚಳಿಗಾಲದ ವಲಸೆ ಹಕ್ಕಿಗಳೂ ಬಂದಿರುತ್ತವೆ. ಆದರೆ ನೀವು ಕೇಳಬೇಕಾಗಿದ್ದು ತಿಂಗಳಲ್ಲ, ತಿಥಿ. ಮನೆಯ ಗೋಡೆ ಮೇಲೆ ಪಂಚಾಂಗದ ಕ್ಯಾಲೆಂಡರ್ ಇರುತ್ತಲ್ಲ, ಅದನ್ನು ಇಳಿಸಿಕೊಂಡು ಕೂತ್ಕೊಳ್ಳಿ.

ಇದನ್ನು ನಾನು ಕಲಿತಿದ್ದು ಚಪ್ಪಲಿ ಕಳಕೊಂಡು. ವರ್ಷಗಳ ಹಿಂದೆ ಕುಮಟಾ ಹತ್ತಿರ ಮೂವರು ಗೆಳೆಯರು ಸಂಜೆ ಆರಕ್ಕೆ ತಲುಪಿದ್ದೆವು. ನೀರು ದೂರ ಹೋಗಿತ್ತು, ಮರಳು ಅಂಗಳದ ಹಾಗೆ ಸಪಾಟಾಗಿತ್ತು, ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತೆ ಅಂತ ಅಲ್ಲೇ ಟೆಂಟ್ ಹೊಡೆದು, ಅವಲಕ್ಕಿ ತಿಂದು, ನಕ್ಷತ್ರ ನೋಡುತ್ತಾ ಮಲಗಿಬಿಟ್ಟೆವು. ನಡುರಾತ್ರಿ ಬೆನ್ನು ತಣ್ಣಗಾಯಿತು. ಎದ್ದು ನೋಡಿದರೆ ಟೆಂಟ್ ಒಳಗೇ ನೀರು. ಮೂರು ಜೊತೆ ಚಪ್ಪಲಿ, ಒಂದು ಪಾತ್ರೆ ಅರಬ್ಬಿ ಸಮುದ್ರಕ್ಕೆ ಅರ್ಪಣೆ. ಬೆಳಿಗ್ಗೆ ಬಲೆ ಎಳೆಯಲು ಬಂದ ಹಿರಿಯರೊಬ್ಬರು ನಮ್ಮನ್ನು ನೋಡಿ, ‘ಅಮಾಸೆ ಭರತ ಅಲ್ವಾ ಮಾರಾಯ್ರೆ, ಕಸದ ಗೆರೆ ಎಲ್ಲಿದೆ ಅಂತನಾದ್ರೂ ನೋಡಬಾರದಾ’ ಅಂದರು. ಬೈಗುಳ ಅಲ್ಲ, ನಿಜವಾದ ಆಶ್ಚರ್ಯ ಅದು.

ಭರತ ಅಂದರೆ ಉಬ್ಬರ. ಕಸದ ಗೆರೆ ಅಂದರೆ ಉಬ್ಬರದ ನೀರು ದಂಡೆಯ ಮೇಲೆ ಬಿಟ್ಟುಹೋದ ಕಸದ ಸಾಲು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿದ ನೀರು ಪೂರ್ತಿ ಇಳಿಯಲು ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು, ಹಾಗಾಗಿ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ದೊಡ್ಡದು, ಅಷ್ಟಮಿ ಆಸುಪಾಸು ಸಣ್ಣದು. ಉತ್ತರ ಕನ್ನಡದ ಕಡಲಲ್ಲಿ ಅಮಾವಾಸ್ಯೆ, ಹುಣ್ಣಿಮೆ ದಿನ ನೀರು ತುಂಬುವುದು ಹೆಚ್ಚುಕಮ್ಮಿ ಹನ್ನೊಂದು ಹನ್ನೆರಡು ಗಂಟೆಗೆ, ಹಗಲೂ ರಾತ್ರಿಯೂ. ಇಳಿಯುವುದು ಬೆಳಿಗ್ಗೆ, ಸಂಜೆ ಐದಾರು ಗಂಟೆಗೆ. ನಾವು ಮುಳುಗಿದ್ದು ಯಾಕೆ ಅಂತ ಗೊತ್ತಾಯ್ತಲ್ಲ? ತಲುಪಿದಾಗ ಇಳಿತ, ನಿದ್ದೆ ಹತ್ತಿದಾಗ ಉಬ್ಬರ. ಸರಿಯಾದ ಗಂಟೆ, ನಿಮಿಷ ಬೇಕಾದರೆ ಮೊಬೈಲ್‌ನಲ್ಲಿ ಕಾರವಾರದ ಉಬ್ಬರದ ಪಟ್ಟಿ ನೋಡಿಕೊಳ್ಳಿ.

ಟೆಂಟ್ ಮುಳುಗಿಸಿದ ಅದೇ ಲೆಕ್ಕ ಹಕ್ಕಿ ನೋಡೋರಿಗೆ ವರ. ಅಮಾವಾಸ್ಯೆ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ನೀರು ಇಳಿದು ಕೆಸರು, ಮರಳು ಎಲ್ಲ ಬಯಲಾಗಿರುತ್ತದೆ. ಹಕ್ಕಿಗಳಿಗೆ ಅದೇ ಊಟದ ಎಲೆ. ಆಮೇಲೆ ನೀರು ಏರುತ್ತಾ ಬಂದಂತೆ ಹಕ್ಕಿಗಳು ಹಿಂದೆ ಸರಿಯುತ್ತಾ ನಿಮ್ಮ ಹತ್ತಿರಕ್ಕೇ ಬರುತ್ತವೆ. ನೀವು ಅವುಗಳ ಹಿಂದೆ ಓಡಬೇಕಾಗಿಲ್ಲ, ಸುಮ್ನೆ ಒಂದು ಕಡೆ ಕೂತಿರಿ. ಅಷ್ಟಮಿಗೆ ಹೋದರೆ ಇದೆಲ್ಲ ತಿರುವುಮುರುವು: ಬೆಳಿಗ್ಗೆ ನೀರು ತುಂಬಿರುತ್ತದೆ, ಇಳಿಯುವುದು ನಡುಮಧ್ಯಾಹ್ನ, ಸುಡು ಬಿಸಿಲಲ್ಲಿ. ದೋಣಿಯಲ್ಲಿ ಕಾಂಡ್ಲಾ ಕಾಡಿನೊಳಗೆ, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ನಡುವೆ, ಹೋಗಬೇಕು ಅನ್ನೋರಿಗೆ ಮಾತ್ರ ಅದು ಒಳ್ಳೆಯದು, ಯಾಕೆಂದರೆ ಆ ಕಾಲುವೆಗಳಿಗೆ ದೋಣಿ ನುಗ್ಗಬೇಕಾದರೆ ನೀರು ತುಂಬಿರಬೇಕು.

ಹಾಗಾಗಿ ಗದಗದವರಿಗೆ ನನ್ನ ಸಲಹೆ ಎಳ್ಳಮಾವಾಸ್ಯೆ. ಚರಗ ಚೆಲ್ಲಿ, ಹೊಲದಲ್ಲಿ ಊಟ ಮುಗಿಸಿ, ಮಾರನೇ ದಿನ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಿರಿ. ದೊಡ್ಡ ಏರಿಳಿತ ಅಮಾವಾಸ್ಯೆ ಆದಮೇಲೂ ಎರಡು ದಿನ ಇರುತ್ತದೆ. ಕತ್ತಲೆ ರಾತ್ರಿ ಆದ್ದರಿಂದ ಕೆಲವೊಮ್ಮೆ ಅಲೆಗಳು ನೀಲಿಯಾಗಿ ಮಿನುಗುವುದೂ ಕಾಣುತ್ತದೆ. ಅದು ನೀರಲ್ಲಿರುವ ಕಣ್ಣಿಗೆ ಕಾಣದ ಜೀವಿಗಳ ಬೆಳಕು, ದಿನಾ ಸಿಗುವಂಥದ್ದಲ್ಲ. ಫೆಬ್ರವರಿಯಲ್ಲಿ ಹೋಗುವುದಾದರೆ ಭಾರತ ಹುಣ್ಣಿಮೆ ಇಟ್ಟುಕೊಳ್ಳಿ. ಅದರ ನಂತರದ ಅಮಾವಾಸ್ಯೆ ಬೇಡವೇ ಬೇಡ, ಶಿವರಾತ್ರಿಯ ಬೆನ್ನಿಗೇ ಬರುತ್ತದೆ, ಗೋಕರ್ಣದಲ್ಲಿ ಆಗ ಕಾಲಿಡಲು ಜಾಗ ಇರಲ್ಲ.

ಇನ್ನು ಜಾಗ. ಎಲ್ಲರೂ ಓಂ ಬೀಚ್ ಅನ್ನುತ್ತಾರೆ, ನಾನು ಅಳಿವೆ ಅನ್ನುತ್ತೇನೆ. ನದಿ ಕಡಲು ಸೇರುವ ಜಾಗದಲ್ಲಿ ಜೀವ ಇರುವಷ್ಟು ಬರೀ ಮರಳ ದಂಡೆಯಲ್ಲಿ ಇರಲ್ಲ. ಗೋಕರ್ಣದ ದಕ್ಷಿಣಕ್ಕೆ ತದಡಿ ಇದೆ, ಅಘನಾಶಿನಿ ಕಡಲು ಸೇರುವುದು ಅಲ್ಲೇ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳಲ್ಲಿ ಒಂದು ಅನ್ನಿಸಿಕೊಂಡಿತು. ಇಳಿತದ ಹೊತ್ತಿಗೆ ಇಲ್ಲಿ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿರುತ್ತಾರೆ. ಪಕ್ಕದಲ್ಲಿ ಗಜನಿ ಗದ್ದೆಗಳು, ಉಪ್ಪುನೀರನ್ನು ತಡೆದುಕೊಂಡು ಕಗ್ಗ ಭತ್ತ ಬೆಳೆಯುವ ನೆಲ ಅದು. ಮಕ್ಕಳಿಗೆ ಡಾಲ್ಫಿನ್‌ಗಿಂತ ಇದೇ ಜಾಸ್ತಿ ನೆನಪಲ್ಲಿ ಉಳಿಯುತ್ತೆ ಅನ್ನೋದು ನನ್ನ ಅಂದಾಜು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಇದೆ, ಸುಮ್ನೆ ಒಂದು ಸಲ ಹೋಗಿ ಬನ್ನಿ. ಗರುಡ ಅಂತೂ ತಲೆ ಮೇಲೇ ಸುತ್ತುತ್ತಿರುತ್ತದೆ, ಅದೃಷ್ಟ ಇದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದೂ ಕಾಣುತ್ತದೆ. ಒಂದು ದಿನ ಹೊನ್ನಾವರಕ್ಕೆ ಹೋದರೆ ಶರಾವತಿ ದಡದಲ್ಲಿ ಕಾಂಡ್ಲಾ ಮರಗಳ ನಡುವೆ ಹಾಕಿರುವ ಹಲಗೆ ದಾರಿಯಲ್ಲಿ ಏಳು ವರ್ಷದವನೂ ಆರಾಮಾಗಿ ನಡೆಯುತ್ತಾನೆ.

ಟೆಂಟ್ ಮರಳಲ್ಲಿ ಬೇಡ. ಸಾರ್ವಜನಿಕ ದಂಡೆಯಲ್ಲಿ ಮಲಗಿದರೆ ಪೊಲೀಸರೋ ಊರವರೋ ಬಂದು ಎಬ್ಬಿಸಬಹುದು, ಅವರದ್ದು ತಪ್ಪೂ ಅಲ್ಲ. ದಂಡೆಯ ಹಿಂದೆ ಯಾರದ್ದಾದರೂ ಹಿತ್ತಲು, ತೋಟ ಇರುತ್ತದೆ. ಕೇಳಿ, ಬಾಡಿಗೆ ಮಾತಾಡಿ, ಅಲ್ಲಿ ಹಾಕಿ. ಬಾವಿ, ಶೌಚಾಲಯ ಸಿಗುತ್ತದೆ, ಮನೆಯವರು ಒಪ್ಪಿದರೆ ಕುಚಲಕ್ಕಿ ಅನ್ನ, ಮೀನು ಸಾರೂ ಸಿಗುತ್ತದೆ. ಒಂದೇ ಎಚ್ಚರ, ತೆಂಗಿನ ಮರದ ಕೆಳಗೆ ಹಾಕಬೇಡಿ. ಕಾಯಿ ಬೀಳುವುದಕ್ಕೆ ಪಂಚಾಂಗ ಇಲ್ಲ. ಗಾಳಿಮರದ ತೋಪು ಪರವಾಗಿಲ್ಲ. ಕಡಲ ಕಡೆಯೇ ಹಾಕುವ ಅನುಮತಿ ಸಿಕ್ಕಿದರೆ ಒಣಗಿದ ಕಸದ ಗೆರೆ ದಾಟಿ, ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಂಗಡೆ ಬಳ್ಳಿ ಹಬ್ಬಿರುವ ಜಾಗಕ್ಕಿಂತಲೂ ಹಿಂದೆ ಹೋಗಿ. ಗೂಟ ಮರಳಲ್ಲಿ ನಿಲ್ಲಲ್ಲ. ಸಣ್ಣ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ ಹೂತುಬಿಡಿ, ಅಲ್ಲಾಡಲ್ಲ. ಮೇಲೆ ಹೊದಿಸಲು ಒಂದು ತಾಡಪತ್ರಿ ಇರಲಿ, ಚಳಿಗಾಲದ ಇಬ್ಬನಿಗೆ ಬೆಳಿಗ್ಗೆ ಟೆಂಟ್ ತೊಟ್ಟಿಕ್ಕುತ್ತಿರುತ್ತದೆ.

ಡಾಲ್ಫಿನ್ ಸಿಗುತ್ತಾ? ಸಿಗುವ ಸಾಧ್ಯತೆ ಚೆನ್ನಾಗಿದೆ. ಇಲ್ಲಿರುವುದು ಬೆನ್ನ ಮೇಲೆ ಗೂನು ಇರುವ ಜಾತಿ, ಆಳಕ್ಕೆ ಹೋಗದೆ ದಡದ ಹತ್ತಿರ, ಅಳಿವೆ ಬಾಯಲ್ಲೇ ಮೀನು ಹಿಡಿಯುತ್ತಾ ಇರುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತೆ ಅಂತ ಕಾಯಬೇಡಿ. ಬೂದು ಬೆನ್ನು ಮೇಲೆ ಬರುತ್ತದೆ, ಉಸಿರು ಬಿಡುತ್ತದೆ, ಮುಳುಗುತ್ತದೆ, ಅಷ್ಟೇ. ಕಡಲ ಗಾಳಿ ಎದ್ದು ನೀರು ಕಲಕುವ ಮೊದಲು, ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ಹೋಗಿ. ದೋಣಿಯವರಿಗೆ ಮೊದಲೇ ಹೇಳಿ: ಬೆನ್ನಟ್ಟಬೇಡಿ, ದೂರದಲ್ಲಿ ಎಂಜಿನ್ ನಿಲ್ಲಿಸಿ. ನಿಲ್ಲಿಸಿ ಕಾದರೆ ಅವೇ ಹತ್ತಿರ ಬರುವುದುಂಟು. ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಲೇಬೇಡಿ.

ಕಡಲಾಮೆ ತೋರಿಸ್ತೀನಿ ಅಂತ ಮಾತ್ರ ಮಕ್ಕಳಿಗೆ ಮಾತು ಕೊಡಬೇಡಿ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಈ ದಂಡೆಗಳಿಗೆ ಬರುವುದು ನಿಜ. ಒಂದು ಆಮೆ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತದೆ. ಆದರೆ ಯಾವ ರಾತ್ರಿ, ಯಾವ ದಂಡೆ ಅಂತ ಹೇಳೋರು ಯಾರು? ಟಾರ್ಚ್ ಹಿಡಿದು ಹುಡುಕುತ್ತಾ ಹೊರಟರೆ ಬರುವ ಆಮೆಯೂ ಬೆಳಕಿಗೆ ಹೆದರಿ ವಾಪಸ್ ಹೋಗುತ್ತದೆ. ಮರಿಗಳನ್ನು ನೋಡುವ ದಾರಿ ಸುಲಭ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು, ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಹೊನ್ನಾವರದ ಕಾಸರಕೋಡು, ಟೊಂಕ ಕಡೆ ಅರಣ್ಯ ಇಲಾಖೆಯವರನ್ನು ಕೇಳಿ ನೋಡಿ. ಮೊಟ್ಟೆಗಳನ್ನು ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುವ ಕೆಲಸ ಅಲ್ಲಿ ಮೀನುಗಾರರ ಜೊತೆ ಸೇರಿ ನಡೆಯುತ್ತದೆ. ಎಳ್ಳಮಾವಾಸ್ಯೆಗೆ ಹೋದವರು ಆಮೆ ಬದಲು ಏಡಿ ನೋಡಿ. ಇಳಿತದಲ್ಲಿ ಸಾಸಿವೆ ಉಂಡೆಯಂಥ ಮರಳ ಗುಂಡುಗಳನ್ನು ರಂಗೋಲಿ ಚುಕ್ಕಿಯ ಹಾಗೆ ಜೋಡಿಸುವ ಪುಟ್ಟ ಏಡಿಗಳಿರುತ್ತವೆ. ಮರಳಿನಿಂದ ಊಟ ಹೀರಿಕೊಂಡು ಉಳಿದದ್ದನ್ನು ಉಂಡೆ ಮಾಡಿ ಉಗುಳುವುದು ಅದು. ಮಕ್ಕಳು ಒಂದು ತಾಸು ಏಳಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ.

ಕೊನೆಗೆ ಈಜು. ಚಳಿಗಾಲದ ಕಡಲು ಸೌಮ್ಯವಾಗಿ ಕಾಣುತ್ತದೆ, ಮೋಸ ಹೋಗಬೇಡಿ. 2024ರ ಡಿಸೆಂಬರ್‌ನಲ್ಲಿ, ಇದೇ ಹವೆಯಲ್ಲಿ, ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ನಾನು ಇಷ್ಟು ಹೊಗಳಿದ ಅಳಿವೆ ಬಾಯಿ ನೋಡಲಿಕ್ಕೆ ಮಾತ್ರ, ಇಳಿತದ ಹೊತ್ತಿಗೆ ನದಿ ನೀರೂ ಕಡಲ ನೀರೂ ಒಟ್ಟಿಗೆ ಹೊರಗೆ ಎಳೆಯುತ್ತವೆ, ಅಲ್ಲಿ ಮೊಣಕಾಲಿನ ನೀರೂ ಬೇಡ. ಜೀವರಕ್ಷಕರು ಇರುವ ದಂಡೆಯಲ್ಲಿ, ಅವರು ತೋರಿಸಿದ ಜಾಗದಲ್ಲಿ ಮಾತ್ರ ಮಕ್ಕಳನ್ನು ಇಳಿಸಿ, ನೀವೂ ಜೊತೆಗೇ ನೀರಲ್ಲಿ ನಿಲ್ಲಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರವಾಗಿ ಈಜಬಾರದು, ಸುಸ್ತಾಗುತ್ತದೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟಮೇಲೆ ತಿರುಗಿ.

ಮತ್ತೆ, ಚಪ್ಪಲಿಯನ್ನು ಟೆಂಟ್ ಒಳಗೇ ಇಟ್ಟುಕೊಳ್ಳಿ.