ಚೀಲ ಮರೆತು ಬಂದವರಿಗೆ ಅಂಗಡಿಯಲ್ಲಿ ಏನಿದೆ?

ಅಂಗಡಿಯ ಪರಿಸರ ನೀತಿ ಸೋಲುವುದು ಬಿಲ್ಲಿಂಗ್ ಕೌಂಟರಿನಲ್ಲಿ. ಬಿಲ್ ಆಗಿದೆ. ಅಕ್ಕಿ, ಬೇಳೆ, ಹಾಲು, ಮೊಸರು ಮೇಜಿನ ಮೇಲಿವೆ. ಹೊರಗೆ ಆಷಾಢದ ಮಳೆ, ಬಸ್ಸಿಗೆ ಹತ್ತೇ ನಿಮಿಷ. ಆಗ "ಒಂದು ಕೊಟ್ಟೆ ಕೊಡಿ ಮಾರಾಯ್ರೆ" ಎಂದು ಪ್ಲಾಸ್ಟಿಕ್ ಚೀಲ ಕೇಳಿದವರಿಗೆ "ಪ್ಲಾಸ್ಟಿಕ್ ಬಂದ್, ಚೀಲ ತರಬೇಕಿತ್ತು" ಎಂಬ ಉತ್ತರ ಸಿಕ್ಕರೆ ಮುಂದಿನ ವಾರ ಅವರು ಕದ್ದುಮುಚ್ಚಿ ಕೊಟ್ಟೆ ಕೊಡುವ ಪಕ್ಕದ ಅಂಗಡಿಗೆ ಹೋಗುತ್ತಾರೆ. ಊರಿನಲ್ಲಿ ಕೊಟ್ಟೆ ಒಂದೂ ಕಡಿಮೆಯಾಗಲಿಲ್ಲ, ಅಂಗಡಿಗೆ ಮಾತ್ರ ಒಬ್ಬ ಗಿರಾಕಿ ಕಡಿಮೆ. ಮನೆಯಿಂದ ಚೀಲ ತಂದವರಿಗೆ ಯಾವ ನೀತಿಯೂ ಬೇಕಿಲ್ಲ. ನೀತಿ ಮಾಡಬೇಕಾದದ್ದು ಮರೆತು ಬಂದವರಿಗಾಗಿ, ಮತ್ತು ಮೀನು, ಮೊಸರಿನಂಥ ಒದ್ದೆ ಸಾಮಾನು ಒಯ್ಯುವವರಿಗಾಗಿ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ವರ್ಷದ ಮಳೆ 3000 ಮಿ.ಮೀ. ದಾಟುತ್ತದೆ. ಬಯಲುಸೀಮೆಯಲ್ಲಿ ನಡೆಯುವ ಉಪಾಯ ಇಲ್ಲಿ ಜೂನ್ ಬಂದರೆ ಕೈಕೊಡುತ್ತದೆ.

ಮೊದಲು ಕಾನೂನು. 2016ರ ಮಾರ್ಚ್‌ನ ಅಧಿಸೂಚನೆಯ ಪ್ರಕಾರ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆ ಎಲ್ಲವೂ ನಿಷಿದ್ಧ, ದಪ್ಪ ಎಷ್ಟೇ ಇರಲಿ. ಹಾಲಿನ ಪ್ಯಾಕೆಟ್ಟಿಗೆ, ಕಾರ್ಖಾನೆಯಲ್ಲೇ ಮುಚ್ಚಿ ಬರುವ ಪೊಟ್ಟಣಗಳಿಗೆ ವಿನಾಯಿತಿ ಇದೆ. ಕೈಚೀಲದ ಮಟ್ಟಿಗೆ ಕೇಂದ್ರದ ನಿಯಮ ಇದಕ್ಕಿಂತ ಸಡಿಲ: 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳುವಾದದ್ದು ಕೂಡದು, ಅಷ್ಟೇ. ಅದನ್ನು ತೋರಿಸಿ "ಇದು 120 ಮೈಕ್ರಾನ್, ತೊಂದರೆ ಇಲ್ಲ" ಎಂದು ಕೊಟ್ಟೆ ಮಾರಲು ಬರುವವರನ್ನು ನಂಬಬೇಡಿ, ನಮ್ಮ ರಾಜ್ಯದಲ್ಲಿ ಅದು ನಡೆಯುವುದಿಲ್ಲ. ಲೆಕ್ಕಕ್ಕೂ ಅದು ಕೂಡಿಬರುವುದಿಲ್ಲ. 30ಕ್ಕೆ 40 ಸೆಂ.ಮೀ. ಅಳತೆಯ ಚೀಲ 20 ಮೈಕ್ರಾನಿನದಾದರೆ ಅದರಲ್ಲಿರುವ ಪ್ಲಾಸ್ಟಿಕ್ ಸುಮಾರು 4.4 ಗ್ರಾಂ, 120 ಮೈಕ್ರಾನಿನದಾದರೆ ಸುಮಾರು 26 ಗ್ರಾಂ. ದಪ್ಪ ಚೀಲವನ್ನು ಆರು ಸಲ ಬಳಸಿದರೆ ಮಾತ್ರ ಎರಡೂ ಸಮ. ಮನೆಗೆ ಹೋದ ದಿನವೇ ಅದು ಕಸದ ಬುಟ್ಟಿಯ ಹೊದಿಕೆಯಾದರೆ ಪ್ಲಾಸ್ಟಿಕ್ ಆರು ಪಟ್ಟು ಹೆಚ್ಚಿತು.

ಬಟ್ಟೆಯಂತೆ ಕಾಣುವ ಬಣ್ಣದ ಚೀಲವೂ ಅದೇ ಜಾತಿ. ಮೈಮೇಲೆ ಸಣ್ಣ ಸಣ್ಣ ಚುಕ್ಕಿಗಳು ಒತ್ತಿದಂತಿದ್ದರೆ, ಹರಿದ ಅಂಚಿನಿಂದ ಎಳೆದರೆ ನೂಲು ಬಾರದಿದ್ದರೆ ಅದು ನೇಯದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಒಂದು ತುಂಡಿಗೆ ಬೆಂಕಿ ತಾಗಿಸಿ ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಇದು ಕರಗಿ ತೊಟ್ಟಿಕ್ಕಿ ಗಟ್ಟಿ ಗುಂಡಾಗುತ್ತದೆ. ಬಿಸಿಲಿಗೆ ಬಿದ್ದು ಹಳತಾದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ, ಆಮೇಲೆ ಹೆಕ್ಕಿ ತೆಗೆಯಲು ಬರುವುದಿಲ್ಲ. ಅನೇಕ ಅಂಗಡಿಗಳು ಇದನ್ನು ಬಟ್ಟೆ ಚೀಲವೆಂದು ನಂಬಿಯೇ ಕೊಡುತ್ತಿವೆ.

ಕಾಗದದ ಚೀಲ ಅಕ್ಟೋಬರಿನಿಂದ ಮೇ ತನಕ ಒಳ್ಳೆಯದು. ಒಂದು ಕೆ.ಜಿ.ಯೊಳಗಿನ ಸಾಮಾನಿಗೆ 80 ಜಿಎಸ್‌ಎಂ ಕಂದು ಕಾಗದ ಸಾಕು, ಮೂರರಿಂದ ಐದು ಕೆ.ಜಿ.ಗೆ 120 ಬೇಕು (ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ). ಹರಿಯುವುದು ಎರಡು ಕಡೆ: ಹಿಡಿಕೆ ಅಂಟಿಸಿದ ಜಾಗ ಮತ್ತು ತಳ. ತಳಕ್ಕೆ ರಟ್ಟಿನ ತುಂಡೊಂದನ್ನು ಹಾಸಿದರೆ ಭಾರ ಹಂಚಿಹೋಗುತ್ತದೆ. ಫ್ರಿಜ್ಜಿನಿಂದ ತೆಗೆದ ಹಾಲು, ಮೊಸರಿನ ಪ್ಯಾಕೆಟ್ ಐದು ನಿಮಿಷದಲ್ಲಿ ಬೆವರುತ್ತದೆ. ಆ ನೀರು ತಳಕ್ಕಿಳಿದರೆ ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಚೀಲ ಬಾಯಿಬಿಡುತ್ತದೆ. ಅದಕ್ಕೆ ಹಾಲು ಯಾವಾಗಲೂ ಬೇರೆ. ಮಳೆಗಾಲದಲ್ಲಿ ದಾಸ್ತಾನಿಟ್ಟ ಕಾಗದವೇ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಮೈದಾ ಅಂಟಿಗೆ ಬೂಷ್ಟು ಬರುತ್ತದೆ, ಬೆಳ್ಳಿಹುಳು ಹಿಡಿಯುತ್ತದೆ. ಜೂನ್‌ಗೆ ಮುಂಚೆ ದಾಸ್ತಾನು ಖಾಲಿ ಮಾಡಿ, ಉಳಿದದ್ದನ್ನು ನೆಲದಿಂದ ಒಂದಡಿ ಮೇಲೆ, ಗೋಡೆಗೆ ತಾಗದಂತೆ ಇಡಿ.

ಇನ್ನು ಹತ್ತಿ ಚೀಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹವಾಮಾನದ ದೃಷ್ಟಿಯಿಂದ ಸಮನಾಗಬೇಕಾದರೆ ಕಾಗದದ ಚೀಲವನ್ನು 3 ಸಲ, ನೇಯದ ಪಾಲಿಪ್ರೊಪಿಲೀನ್ ಚೀಲವನ್ನು 11 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು. ಗಟಾರ ಕಟ್ಟುವುದು, ದನದ ಹೊಟ್ಟೆ ಸೇರುವುದು, ಮೊದಲ ಮಳೆಗೆ ಸಮುದ್ರಕ್ಕೆ ಹೋಗಿ ತೂಫಾನಿನಲ್ಲಿ ದಂಡೆಗೆ ಮರಳುವುದು ಈ ಲೆಕ್ಕದಲ್ಲಿ ಇಲ್ಲ. ನಮ್ಮ ಕರಾವಳಿಗೆ ಅದೇ ಮುಖ್ಯ, ಆದ್ದರಿಂದ ನನ್ನ ಮಟ್ಟಿಗೆ ಹತ್ತಿಯೇ ಮೇಲು. ಆದರೂ 131 ಎಂಬ ಸಂಖ್ಯೆಯನ್ನು ಅಂಗಡಿಯವರು ಮರೆಯಬಾರದು. ವಾರಕ್ಕೊಂದು ಸಂತೆಯೆಂದರೆ ಎರಡೂವರೆ ವರ್ಷ. ಪ್ರತಿ ಬಿಲ್ಲಿಗೂ ಹೆಸರು ಮುದ್ರಿಸಿದ ಹತ್ತಿ ಚೀಲ ಪುಕ್ಕಟೆ ಕೊಟ್ಟು ಮನೆಯಲ್ಲಿ ಮೂವತ್ತು ಚೀಲ ರಾಶಿ ಬೀಳಿಸುವುದು ಪರಿಸರಕ್ಕೆ ಮಾಡುವ ಉಪಕಾರವಾಗುವುದಿಲ್ಲ.

ಎರಡೂವರೆ ವರ್ಷ ಬಾಳಬೇಕಾದ ಚೀಲವನ್ನು ಹಾಗೆಯೇ ಹೊಲಿಸಬೇಕು. ಬಿಳುಪು ಮಾಡದ ಗಾಡಾ ಎಂಬ ಒರಟು ಹತ್ತಿ ಬಟ್ಟೆ, 150 ಜಿಎಸ್‌ಎಂ ಆಸುಪಾಸು, 16ಕ್ಕೆ 18 ಇಂಚು, ತಳದಲ್ಲಿ ನಾಲ್ಕು ಇಂಚಿನ ಮಡಿಕೆ. ಹಿಡಿಕೆಯ ತುದಿ ಎರಡು ಇಂಚು ಒಳಗೆ ಇಳಿದು, ಚೌಕ ಹಾಕಿ ಅದರೊಳಗೆ ಗುಣಾಕಾರದ ಗುರುತಿನಂತೆ (×) ಹೊಲಿಗೆ ಬೀಳಬೇಕು. ಅಗ್ಗದ ಚೀಲಗಳಲ್ಲಿ ಒಂದೇ ನೇರ ಹೊಲಿಗೆ ಇರುತ್ತದೆ, ಐದು ಕೆ.ಜಿ. ಅಕ್ಕಿಗೆ ಮೊದಲು ಕೀಳುವುದು ಅಲ್ಲೇ. ಬಟ್ಟೆಯನ್ನು ಕತ್ತರಿಸುವ ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸದಿದ್ದರೆ ಮೊದಲ ಒಗೆತಕ್ಕೆ ಸೊಟ್ಟಗಾಗುತ್ತದೆ.

ಈ ಚೀಲವನ್ನು ಮಾರುವುದಕ್ಕಿಂತ ಠೇವಣಿಗೆ ಕೊಡುವುದು ಲೇಸು. ಒಂದು ಲೆಕ್ಕ ಹಾಕೋಣ. ದಿನಕ್ಕೆ 150 ಬಿಲ್ ಆಗುವ ಅಂಗಡಿ, ಅದರಲ್ಲಿ 40 ಜನ ಚೀಲ ಕೇಳುತ್ತಾರೆ, ಸರಾಸರಿ ಹತ್ತು ದಿನಕ್ಕೆ ಮರಳಿಸುತ್ತಾರೆ ಎಂದಾದರೆ ಯಾವಾಗಲೂ 400 ಚೀಲ ಹೊರಗಿರುತ್ತವೆ. ಒಗೆದು ಒಣಗಿಸಲು ಬೇಸಿಗೆಯಲ್ಲಿ ಒಂದು ದಿನ ಸಾಕು, ಜುಲೈಯಲ್ಲಿ ಮೂರು ದಿನ ಹಿಡಿಯುವುದು ಸಾಮಾನ್ಯ, ಅಂದರೆ ಇನ್ನೂ 120. ಕೈಯಲ್ಲಿ 80 ಇಟ್ಟುಕೊಂಡರೆ ಒಟ್ಟು 600. ಇನ್ನೂರು ಚೀಲ ಹೊಲಿಸಿ ಶುರುಮಾಡಿದ ಅಂಗಡಿಯಲ್ಲಿ ವಾರದೊಳಗೆ ಚೀಲ ತೀರಿ ಯೋಜನೆ ನಿಲ್ಲುವುದು ಇದಕ್ಕೇ. ಠೇವಣಿ ಹತ್ತು ರೂಪಾಯಿ ಇಟ್ಟರೆ ಜನ ಅದನ್ನು ಬೆಲೆಯೆಂದೇ ತಿಳಿದು ಚೀಲ ಮನೆಯಲ್ಲಿಡುತ್ತಾರೆ, ನೂರು ಇಟ್ಟರೆ ಒಯ್ಯುವುದಿಲ್ಲ. ಹೊಲಿಸಿದ ಖರ್ಚಿಗಿಂತ ಸ್ವಲ್ಪ ಮೇಲಿರಲಿ, ಆಗ ಬಾರದ ಚೀಲದಿಂದ ನಷ್ಟವಿಲ್ಲ. ಹಣವನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ, ಮಾರಾಟದ ಲೆಕ್ಕಕ್ಕೆ ಸೇರಿಸಬೇಡಿ. ಮರಳಿಸುವಾಗ ರಶೀದಿ ಕೇಳಬಾರದು, ಕೊಳೆಯಾಗಿದೆಯೆಂದು ತಕರಾರು ಮಾಡಬಾರದು, ನಗದನ್ನೇ ಕೊಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಚೀಲ ವಾಪಸ್ ಬರುವುದಿಲ್ಲ. ಗೋಕರ್ಣ, ಮುರ್ಡೇಶ್ವರದಂಥ ಕಡೆ ಬಂದವರು ಮರುದಿನ ಹೊರಟುಹೋಗುತ್ತಾರೆ. ಅಲ್ಲಿ ಒಂದು ಬೀದಿಯ ಅಂಗಡಿಗಳೆಲ್ಲ ಒಂದೇ ಗುರುತಿನ ಚೀಲ ಇಟ್ಟು, ಯಾರ ಹತ್ತಿರ ಕೊಟ್ಟರೂ ಠೇವಣಿ ಸಿಗುವಂತೆ ಮಾಡಬೇಕು.

ಚೀಲಕ್ಕೆ ಹಣ ತೆಗೆದುಕೊಳ್ಳುವುದಾದರೆ ಅದನ್ನು ಬಾಗಿಲಲ್ಲೇ ಬರೆಯಿರಿ. ಮುಂಚೆ ತಿಳಿಸದೆ ಬಿಲ್ಲಿಂಗ್ ಕೌಂಟರಿನಲ್ಲಿ ಚೀಲದ ಹಣ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಹೇಳಿದೆ. ಗ್ರಾಹಕರು ತಂದ ಚೀಲವನ್ನು ಒಳಗೆ ಬಿಡದೆ, ಹೊರಗೆ ಬರುವಾಗ ಚೀಲ ಮಾರುವುದು ಇನ್ನೂ ದೊಡ್ಡ ತಪ್ಪು. ಕಳ್ಳತನದ ಭಯವಿದ್ದರೆ ಖಾಲಿ ಚೀಲವನ್ನು ಮಡಚಿ ಬುಟ್ಟಿಯಲ್ಲಿಟ್ಟುಕೊಳ್ಳಲು ಹೇಳಿದರಾಯಿತು. "ಚೀಲ ತಂದರೆ ಎರಡು ರೂಪಾಯಿ ರಿಯಾಯಿತಿ" ಎಂಬ ಫಲಕ ಅನೇಕರಿಗೆ ಇಷ್ಟ, ಆದರೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಕೈಯಿಂದ ಹೋಗುವ ಎರಡು ರೂಪಾಯಿ ನೆನಪಿರುವಷ್ಟು ಉಳಿಯುವ ಎರಡು ರೂಪಾಯಿ ನೆನಪಿರುವುದಿಲ್ಲ. ಐರ್ಲೆಂಡಿನಲ್ಲಿ 2002ರಲ್ಲಿ ಚೀಲವೊಂದಕ್ಕೆ 15 ಸೆಂಟ್ ತೆರಿಗೆ ಹಾಕಿದಾಗ ಬಳಕೆ ಶೇ. 90ಕ್ಕಿಂತ ಹೆಚ್ಚು ಇಳಿಯಿತು.

ಮೀನಿನ ಮಾತು ಬೇರೆಯೇ. ಒಣ ಕಿರಾಣಿಗೆ ಹತ್ತು ಉಪಾಯವಿದೆ, ಆದರೆ ಕೊಯ್ದ ಬಂಗಡೆಯಿಂದ ಇಳಿಯುವ ರಕ್ತ ನೀರಿಗೆ ಕಾಗದವೂ ಆಗದು, ಬಟ್ಟೆಯೂ ಆಗದು. ಇಲ್ಲಿ ಮೀನು ಮಾರುವ ಅಕ್ಕಂದಿರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಬದಲಿ ಕೊಡದೆ ದಂಡ ಹಾಕುವುದು ಅನ್ಯಾಯ. ಸರಿಯಾದ ಪಾತ್ರೆ ರಬ್ಬರ್ ಪಟ್ಟಿ, ಕೊಂಡಿ ಇರುವ ಸ್ಟೀಲ್ ಡಬ್ಬಿ. ಅರ್ಧ ಕೆ.ಜಿ. ಸಿಗಡಿಗೆ ಒಂದೂವರೆ ಲೀಟರ್ ಸಾಕು, ಒಂದು ಕೆ.ಜಿ. ಬಂಗಡೆ ಅಥವಾ ತಾರ್ಲೆಗೆ ಮೂರು ಲೀಟರ್ ಬೇಕು, ಬಂಗಡೆ ಇಡಿಯಾಗಿ ಮಲಗಲು ಒಳಗಿನ ಉದ್ದ 25 ಸೆಂ.ಮೀ. ಆದರೂ ಇರಲಿ. ದುಂಡು ಡಬ್ಬಿ ಸ್ಕೂಟರಿನ ಕೊಕ್ಕೆಯಲ್ಲಿ ತೂಗಾಡಿ ಚೆಲ್ಲುತ್ತದೆ, ಚೌಕದ್ದು ಡಿಕ್ಕಿಯಲ್ಲಿ ಕೂರುತ್ತದೆ. ಮೀನನ್ನು ತೂಗದೆ ಪಾಲಿನ ಲೆಕ್ಕದಲ್ಲಿ ಕೊಡುವಲ್ಲಿ ಡಬ್ಬಿಯ ತೂಕದ ಜಗಳವೂ ಇಲ್ಲ.

ಡಬ್ಬಿ ತಾರದವರಿಗೆ ಎಲೆ. ಬಾಳೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿಕೊಂಡರೆ ಮಡಚುವಾಗ ಸೀಳುವುದಿಲ್ಲ. ಸಾಗವಾನಿ ಎಲೆ ಅಗಲ, ಗಟ್ಟಿ, ಆದರೆ ಮಳೆ ಹಿಡಿದ ಮೇಲಷ್ಟೇ ಹೇರಳ, ಬೇಸಿಗೆಯಲ್ಲಿ ಮರ ಬೋಳಾಗಿರುತ್ತದೆ. ಮೀನನ್ನು ಬಿದಿರ ಬುಟ್ಟಿಯಲ್ಲಿ ಎರಡು ನಿಮಿಷ ನೀರು ಬಸಿಯಲು ಬಿಟ್ಟು, ಒಳಗೆ ಬಾಳೆ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಎಲೆ ಸುತ್ತಿ ಬಾಳೆನಾರಿನಿಂದ ಕಟ್ಟಬೇಕು. ಅರ್ಧ ಗಂಟೆಯ ದಾರಿಗೆ ಇದು ಧಾರಾಳ. ಬಸ್ಸಿನಲ್ಲಿ ದೂರದ ಊರಿಗೆ ಒಯ್ಯುವವರಿಗೆ ಸಾಲದು, ಬರ್ಫ ಹಾಕಿದರಂತೂ ಸೋರಿಯೇ ಸೋರುತ್ತದೆ. ದಿನಪತ್ರಿಕೆಯಲ್ಲಿ ಸುತ್ತುವುದು ಬೇಡ. ಮಸಿ ಆಹಾರಕ್ಕೆ ಇಳಿಯುತ್ತದೆ, 2018ರ ಆಹಾರ ಪ್ಯಾಕೇಜಿಂಗ್ ನಿಯಮ ಅದನ್ನು ನಿಷೇಧಿಸಿದೆ. ಇಂಥ ದೂರದ ಗಿರಾಕಿಗಳಿಗೆ ಮೀನು ಮಾರುಕಟ್ಟೆಯ ಬಾಗಿಲಲ್ಲೇ ಮುಚ್ಚಳದ ಸಣ್ಣ ಬಕೆಟ್ ಠೇವಣಿಗೆ ಸಿಗುವಂತಾಗಬೇಕು. ಅದು ಪ್ಲಾಸ್ಟಿಕ್ಕಿನದಾದರೂ ನನ್ನ ಆಕ್ಷೇಪವಿಲ್ಲ. ತೊಳೆದು ತೊಳೆದು ವರ್ಷಗಟ್ಟಲೆ ಬಳಸುವ ಬಕೆಟ್, ವೈರ್ ಬುಟ್ಟಿ, ಅಕ್ಕಿ ಚೀಲ ಹರಿದು ಹೊಲಿದ ಕೈಚೀಲ ಇವೆಲ್ಲ ಒಂದೇ ಮಳೆಗೆ ಕರಗುವ ಕಾಗದಕ್ಕಿಂತ ಮೇಲು.

ಸೂಪರ್ ಮಾರ್ಕೆಟ್‌ಗಳಲ್ಲಿ ಕೈಚೀಲ ನಿಂತರೂ ತರಕಾರಿ ವಿಭಾಗದಲ್ಲಿ ಸುರುಳಿಯಿಂದ ಹರಿದುಕೊಳ್ಳುವ ತೆಳು ಕೊಟ್ಟೆ ನಿಂತಿರುವುದಿಲ್ಲ. ಮೂರು ಮೆಣಸಿನಕಾಯಿಗೂ ಒಂದು. ಇದಕ್ಕೆ ಕಾರಣ ತೂಕದ ಯಂತ್ರ ಇರುವ ಜಾಗ. ತರಕಾರಿ ಹತ್ತಿರ ತೂಗಿ ಚೀಟಿ ಅಂಟಿಸಬೇಕೆಂದರೆ ಪ್ರತಿಯೊಂದಕ್ಕೂ ಕೊಟ್ಟೆ ಬೇಕೇ ಬೇಕು. ತಕ್ಕಡಿಯನ್ನು ಬಿಲ್ಲಿಂಗ್ ಕೌಂಟರಿಗೆ ತಂದು, ಬುಟ್ಟಿಯಿಂದಲೇ ಒಂದೊಂದಾಗಿ ತೂಗಿದರೆ ಅಷ್ಟೂ ಉಳಿಯಿತು. ಒಂದು ಬಿಲ್ಲಿಗೆ ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಸಂಜೆಯ ಹೊತ್ತಿಗೆ ಇನ್ನೊಬ್ಬ ಹುಡುಗ ಬೇಕು, ಆ ಖರ್ಚನ್ನು ಮೊದಲೇ ಒಪ್ಪಿಕೊಳ್ಳಿ. ಗ್ರಾಹಕರು ಬಲೆಚೀಲ ತಂದರೆ ಅದರ 20 ಗ್ರಾಂ ಕಳೆಯಲೇಬೇಕು. ಕೆ.ಜಿ.ಗೆ 200 ರೂಪಾಯಿಯ ತರಕಾರಿಯಲ್ಲಿ ಅದು ನಾಲ್ಕು ರೂಪಾಯಿ. ಡಬ್ಬಿಯಾದರೆ ಖಾಲಿ ಇಟ್ಟು, ಅದರ ತೂಕ ಕಳೆಯುವ ಟೇರ್ ಗುಂಡಿ ಒತ್ತಿ, ಸೊನ್ನೆ ಬಂದದ್ದನ್ನು ಅವರಿಗೆ ತೋರಿಸಿ ಆಮೇಲೆ ತುಂಬಿ. ಮುಚ್ಚಳವನ್ನು ಎರಡೂ ಸಲ ತೂಗಿ, ಇಲ್ಲವೇ ಎರಡೂ ಸಲ ಬಿಡಿ. ಒದ್ದೆ ಡಬ್ಬಿಗೆ ರವೆ, ಸಕ್ಕರೆ ಹಾಕಬೇಡಿ. ಮನೆಗೆ ಹೋಗಿ ಗಂಟುಕಟ್ಟಿದರೆ ದೂರು ಬರುವುದು ಅಂಗಡಿಗೇ. ಬೆಳಿಗ್ಗೆಯೇ ಕಾಗದದಲ್ಲಿ ಕೆ.ಜಿ. ಕೆ.ಜಿ. ಕಟ್ಟಿಡುವುದಾದರೆ ಹೆಸರು, ತೂಕ, ಬೆಲೆ, ಕಟ್ಟಿದ ತಿಂಗಳು ಮುಂತಾದವನ್ನು ಬರೆದ ಚೀಟಿ ಬೇಕು, ಏಕೆಂದರೆ ಗ್ರಾಹಕರ ಎದುರು ಕಟ್ಟದ್ದು ಕಾನೂನಿನಲ್ಲಿ ಪ್ಯಾಕ್ ಮಾಡಿದ ಸರಕು.

ವಾರದ ಸಾಮಾನು ಕಾರಿನಲ್ಲಿ ಒಯ್ಯುವವರಿಗೆ ಬಿಸ್ಕತ್ತು, ಎಣ್ಣೆ ಬಂದ ರಟ್ಟಿನ ಪೆಟ್ಟಿಗೆಗಳು ಬಾಗಿಲ ಹತ್ತಿರವೇ ಸಿಗಲಿ. ತಳದ ಟೇಪನ್ನು ನಂಬದೆ ಸೆಣಬಿನ ಹುರಿಯಿಂದ ನಾಲ್ಕೂ ಕಡೆ ಅಡ್ಡ ಕಟ್ಟಿಕೊಡಿ.

ಶಿರಸಿ, ಸಿದ್ದಾಪುರದ ಅಂಗಡಿಗಳಿಗೆ ದ್ರವರೂಪದ ಜೋನಿಬೆಲ್ಲದ್ದೊಂದು ವಿಶೇಷ ಅನುಕೂಲವಿದೆ: ಗ್ರಾಹಕರಿಗೆ ಕ್ಯಾನ್ ತರುವ ರೂಢಿ ಮೊದಲಿಂದಲೂ ಇದೆ. ಲೀಟರಿನಲ್ಲಿ ಅಳೆಯದೆ ತೂಗಿ ಕೊಡಿ. ಒಂದು ಲೀಟರ್ ಜೋನಿಬೆಲ್ಲ ಸುಮಾರು 1.4 ಕೆ.ಜಿ. ತೂಗುತ್ತದೆ, ಪಾಕದ ಹದಕ್ಕೆ ತಕ್ಕಂತೆ ಹೆಚ್ಚುಕಡಿಮೆ. ಕ್ಯಾನಿನ ಒಳಗೆ ತೊಳೆದ ನೀರಿನ ಹನಿ ಉಳಿದಿದ್ದರೂ ಮೇಲ್ಪದರ ತೆಳುವಾಗಿ ಹುಳಿ ಬರುತ್ತದೆ. ಆದ್ದರಿಂದ ಗ್ರಾಹಕರ ಕ್ಯಾನ್ ಪಡೆದು, ಅಂಗಡಿಯಲ್ಲೇ ತೊಳೆದು ಒಣಗಿಸಿಟ್ಟ ಇನ್ನೊಂದನ್ನು ತುಂಬಿ ಕೊಡುವ ಅದಲುಬದಲು ಪದ್ಧತಿಯೇ ಸುರಕ್ಷಿತ. ಇದೇ ರೀತಿ ಎಣ್ಣೆಯನ್ನೂ ಬಿಡಿಯಾಗಿ ಸುರಿದುಕೊಡೋಣ ಎಂದು ಹೊರಡುವ ಮುನ್ನ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕೇಳಿ, ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ನಿಯಮವಿದೆ. ಅಲ್ಲಿ ಮಾಡಬಹುದಾದದ್ದು 15 ಕೆ.ಜಿ.ಯ ಮೊಹರಾದ ಡಬ್ಬವನ್ನು ಎರಡು ಮೂರು ಮನೆಯವರು ಸೇರಿ ಕೊಳ್ಳುವಂತೆ ಬೆಲೆ ಹೊಂದಿಸುವುದು, ಖಾಲಿ ಡಬ್ಬವನ್ನು ಹಣ ಕೊಟ್ಟು ವಾಪಸ್ ಪಡೆಯುವುದು.